ಯಾರನ್ನು ಕಳಿಸೋಣ?

ಬಿಸ್ಕತ್ತು ಕಾರ್ಖಾನೆಯ ಖರೀದಿ, ದಾಸ್ತಾನು, ಬಿಲ್ಲು ಎಲ್ಲವನ್ನೂ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತರಬೇಕಿತ್ತು. ಕಾರ್ಖಾನೆಯ ಕೆಲಸ ಬಲ್ಲವರೊಬ್ಬರನ್ನು ಕಳಿಸಿ ಎಂದು ಹೆಡ್ಡಾಫೀಸು ಕೇಳಿತು. ಮ್ಯಾನೇಜರ್ ಮೃತ್ಯುಂಜಯ ಆಗಷ್ಟೇ ಸೇರಿದ್ದ ಸುಗುಣಾಳನ್ನು ಸಾಗಹಾಕಿದ. "ಈಕೆ ಇಲ್ದಿದ್ರೆ ಇಲ್ಲಿ ಕೆಲಸವೇನೂ ನಿಲ್ಲೋದಿಲ್ಲ," ಎಂದು ಅವಳೆದುರೇ ನಕ್ಕಿದ್ದ.

ಮುರಿದ ಬಿಸ್ಕತ್ತು ಪುಡಿಯಾಗಿ ಮತ್ತೆ ಹಿಟ್ಟಿಗೇ ಸೇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಹೇಳಿದಂತೆ ಸಿದ್ಧವಾದ ಹೊಸ ವ್ಯವಸ್ಥೆ ಅದನ್ನೆಲ್ಲ ಕಳುವಾದ ಮಾಲೆಂದು ತೋರಿಸಿತು. ದಾಸ್ತಾನಿನ ಲೆಕ್ಕ ತಾಳೆಯಾಗದೆ ಬಿಲ್ಲು ಹೊರಡಲಿಲ್ಲ; ಲಾರಿಗಳು ಗೇಟಿನಲ್ಲೇ ನಿಂತವು.

"ಒಂದು ಮಾತು ಕೇಳೋಕೆ ಆಗ್ಲಿಲ್ವೇನಮ್ಮಾ?" ಮೃತ್ಯುಂಜಯ ಎಲ್ಲರೆದುರು ರೇಗಿದ.

"ಫೋನ್ ಮಾಡಿದ್ದೆ ಸಾರ್. ಬಿಡುವಿಲ್ಲ ಅಂದ್ರಿ."

ಅಂದಿದ್ದು ನಿಜ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅದನ್ನು ಮುಚ್ಚಿಕೊಳ್ಳಲೆಂದೇ ಇನ್ನಷ್ಟು ದನಿಯೇರಿಸಿದ. ಅಷ್ಟರಲ್ಲಿ ಹೆಡ್ಡಾಫೀಸಿನಿಂದ ಯಜಮಾನರ ಫೋನು ಬಂತು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಮೊದಲಿಂದ ಶುರು ಮಾಡ್ತಿದೀವಿ. ಈ ಸಲ ನೀವೇ ಬನ್ನಿ."

ಅವನ ಎದೆ ಉಬ್ಬಿತು. "ಖಂಡಿತ ಸಾರ್. ಆದ್ರೆ ತಿಂಗಳುಗಟ್ಟಲೆ ನಾನು ಅಲ್ಲಿ ಕೂತ್ರೆ, ಇಲ್ಲಿ ಕಾರ್ಖಾನೆ ಗತಿ?"

"ಅದನ್ನ ಯೋಚನೆ ಮಾಡಿಯೇ ಕರೀತಿರೋದು. ನೀವು ಇಲ್ದಿದ್ರೆ ಅಲ್ಲಿ ಕೆಲಸವೇನೂ ನಿಲ್ಲೋದಿಲ್ಲ."