ಬಿಸಿಲ ಬದಿಯ ಸಾಲು

"ಇಲ್ಲಿ ಬಡವರ ಮನೆಗಳು ಬೇಡ ಅನ್ನೋರು ಎಡಗಡೆ ಕೂತ್ಕೊಳ್ರಿ, ಬೇಕು ಅನ್ನೋರು ಬಲಗಡೆ. ಒಂದು ಫೋಟೋ ತೆಗೆದು ಮೇಲಕ್ಕೆ ಕಳಿಸಿದ್ರೆ ನನ್ನ ಕೆಲಸ ಮುಗೀತು," ಎಂದಳು ಬಡಾವಣೆಯ ಸರ್ಕಾರಿ ಕಚೇರಿಯಾದ ವಾರ್ಡ್ ಸಚಿವಾಲಯದ ನೌಕರಳು ಶಿರಿಷಾ. ಹೋದ ವಾರ ಪಕ್ಕದ ವಾರ್ಡಿನಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡಿ, ಯಾರು ಏನಂದರೆಂದು ಯಾರಿಗೂ ತಿಳಿಯದೆ ಹೋಗಿತ್ತು. ಆ ಮೇಲೆ ಅವಳೇ ಹುಡುಕಿಕೊಂಡ ಉಪಾಯ ಇದು. ಎಡಗಡೆ ಬೇವಿನ ಮರದ ನೆರಳು, ಬಲಗಡೆ ರಾಯದುರ್ಗದ ಏಪ್ರಿಲ್ ಬಿಸಿಲು. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ; ಮರ ಅಲ್ಲಿತ್ತು, ಅಷ್ಟೆ.

ಓಣಿಯವರೆಲ್ಲ ನೆರಳಿಗೆ ನಡೆದರು. ಶಿವಲೀಲಾ ಬಿಸಿಲಿಗೆ ನಡೆದಳು. ದಿನ ತುಂಬುತ್ತ ಬಂದ ಹೊಟ್ಟೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಸೆರಗನ್ನು ತಲೆಯ ಮೇಲೆಳೆದುಕೊಂಡು, ಖಾಲಿ ಕುರ್ಚಿಗಳ ಸಾಲಿನ ನಡುವೆ ಒಬ್ಬಳೇ ಕೂತಳು. ಅವಳ ಹಾಗೆ ಬಾಡಿಗೆ ಕೋಣೆಯಲ್ಲಿರುವವರು ಓಣಿಯಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದರು. ಆದರೆ ಹನ್ನೊಂದಕ್ಕೆಂದು ಸಾರಿ ಹನ್ನೆರಡಕ್ಕೆ ಶುರುವಾದ ಸಭೆಯ ಹೊತ್ತಿಗೆ ಅವರೆಲ್ಲ ಜೀನ್ಸ್ ಹೊಲಿಯುವ ಶೆಡ್ಡುಗಳಲ್ಲಿದ್ದರು. ಅವಳ ಗಂಡ ಭಾನುಪ್ರಕಾಶನೂ ಅಲ್ಲೇ. ಮನೆ ಬೇಕಾದವರು ದುಡಿಯಲು ಹೋದ ಹೊತ್ತು ನೋಡಿ, ಮನೆ ಬೇಕೋ ಬೇಡವೋ ಎಂದು ಕೇಳಲು ಸರ್ಕಾರದವರು ಬಂದಿದ್ದರು.

ಓಣಿಯ ಹಿಂದಿನ ಈ ಖಾಲಿ ಜಾಗದಲ್ಲಿ ಬಡವರಿಗೆ ಮನೆ ಕಟ್ಟಲು ಅಕ್ಕಪಕ್ಕದವರು ಒಪ್ಪದಿದ್ದರೆ, ಮನೆಗಳು ಗುಮ್ಮಘಟ್ಟದ ದಾರಿಯಲ್ಲಿ ಕಲ್ಲುಗುಡ್ಡದಾಚೆಗೆ ಹೋಗುತ್ತವೆ. ಅಷ್ಟು ದೂರಕ್ಕೆ ಯಾವ ಶೆಡ್ಡಿನ ಮಾಲೀಕನೂ ಅವಳಿಗೆ ಮನೆಯಲ್ಲಿ ಹೊಲಿಯಲು ಬಟ್ಟೆ ಕಳಿಸುವುದಿಲ್ಲ. ಇರುವ ಕೋಣೆಯಲ್ಲೋ, ಮೆಷಿನ್ ಇಟ್ಟರೆ ತೊಟ್ಟಿಲಿಗೆ ಜಾಗವಿಲ್ಲ, ತೊಟ್ಟಿಲು ಕಟ್ಟಿದರೆ ಮೆಷಿನ್ನಿಗೆ ಜಾಗವಿಲ್ಲ. ಶಿವಲೀಲಾ ಬಿಸಿಲಿಗೆ ಬಂದು ಕೂತದ್ದು ಇದಕ್ಕೇ.

"ಏ ತಂಗಿ, ಅದು ಬೇಕು ಅನ್ನೋರ ಕಡಿ! ಇತ್ತಾಗ ಬಾ," ಎಂದು ಬಟ್ಟೆ ಅಂಗಡಿಯ ಬಸವರಾಜು ಕೂಗಿದ. ಪಾಪ, ಗೊತ್ತಿಲ್ಲದೆ ಕೂತಿದ್ದಾಳೆ ಎಂದುಕೊಂಡಿದ್ದ.

"ಗೊತ್ತೈತ್ರಿ ಅಣ್ಣ. ನನಗ ಮನಿ ಬೇಕ್ರಿ."

ನೆರಳಿನಲ್ಲಿ ಗುಸುಗುಸು ಎದ್ದಿತು. ಸಿಟ್ಟು ಮಾತ್ರ ಯಾರಿಗೂ ಬರಲಿಲ್ಲ. ಎಂಥೆಂಥಾ ಮಂದಿ ಬಂದು ಸೇರಿಕೊಳ್ಳುತ್ತಾರೋ ಎಂಬುದಷ್ಟೇ ಅವರ ಹೆದರಿಕೆ. ಶಿವಲೀಲಾ ಮಂದಿಯಲ್ಲವಲ್ಲ, ನಮ್ಮ ಶಿವಲೀಲಾ. ಬಸವರಾಜು ತನ್ನ ಟವೆಲನ್ನು ನೀರಿನಲ್ಲಿ ಅದ್ದಿ ಹಿಂಡಿ, ತಲೆಗೆ ಹಾಕಿಕೋ ಎಂದು ತಂದುಕೊಟ್ಟ. ಅದೇ ಓಣಿಯ ದ್ರಾಕ್ಷಾಯಣಮ್ಮ ಮನೆಗೆ ಓಡಿ ಹೋಗಿ ಒಂದು ಲೋಟ ಮಜ್ಜಿಗೆ ತಂದರು. "ಉಪ್ಪು ಕಮ್ಮಿ ಹಾಕೀನವ್ವ, ನಿನಗ ಕಾಲು ಬಾತಾವಲ್ಲ," ಎಂದು ಲೋಟ ಕೊಟ್ಟು ನೆರಳಿಗೆ ಮರಳಿದರು.

ಗುರುಶಾಂತಮ್ಮನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಶಿವಲೀಲಾ ಇರುವುದು ಅವರ ಮನೆಯ ಕೋಣೆಯಲ್ಲಿ. ಬಯಕೆಯ ದಿನಗಳಲ್ಲಿ ಅವಳಿಗೆ ನಸುಕಿಗೇ ಎದ್ದು ಬಿಸಿ ರೊಟ್ಟಿ ಬಡಿದುಕೊಟ್ಟವರು ಅವರು. ಈ ಮನೆಗಳು ಬೇಡವೆಂದು ಬಾಗಿಲು ಬಾಗಿಲಿಗೆ ತಿರುಗಿ ಓಣಿಯನ್ನು ಒಟ್ಟುಗೂಡಿಸಿದವರೂ ಅವರೇ. ತುಂಬಿದ ಬಸುರಿಯನ್ನು ಮಟಮಟ ಮಧ್ಯಾಹ್ನ ಬಯಲಲ್ಲಿ ಒಬ್ಬಳನ್ನೇ ಬಿಡಬಾರದೆಂಬುದು ಅಲ್ಲಿ ಯಾರೂ ಮೀರದ ನೇಮ. ಅವರು ಎದ್ದು ಬಂದು ಶಿವಲೀಲಾಳ ಪಕ್ಕದ ಕುರ್ಚಿಯಲ್ಲಿ ಕೂತರು.

"ಅಮ್ಮಾ, ಹಾಗಾದ್ರೆ ನೀವೂ ಬೇಕು ಅಂತೀರಾ?" ಎಂದಳು ಶಿರಿಷಾ, ಹಿಗ್ಗಿನಿಂದ.

"ನಾ ಯಾಕ ಅಂತೀನಿ? ಈಕಿ ಜೋಡಿ ಕುಂತೀನಿ."

"ಈ ಕಡೆ ಕೂತ್ರೆ ಬೇಕು ಅಂತಾನೇ ಲೆಕ್ಕ ಅಮ್ಮಾ."

"ಹಂಗಾರ ಈಕಿಗೊಂದು ಮನಿ ಕಟ್ಟಿ ಕೊಟ್ಟುಬಿಡ್ರಿ. ಬ್ಯಾರೇದವ್ರಿಗೆ ಬ್ಯಾಡ."

"ಹೌದ್ರಿ, ಈಕಿಗೊಂದು ಕೊಡ್ರಿ!" ಎಂದು ನೆರಳಿನವರೆಲ್ಲ ಒಂದೇ ದನಿಯಲ್ಲಿ ಹೇಳಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

"ಒಂದೇ ಮನೆ ಕಟ್ಟೋಕೆ ಆಗಲ್ಲ ಅಮ್ಮಾ. ಕಟ್ಟಿದ್ರೆ ಎಲ್ಲಾ, ಇಲ್ಲಾಂದ್ರೆ ಒಂದೂ ಇಲ್ಲ."

ಗುರುಶಾಂತಮ್ಮ ಸರ್ಕಾರದ ಮೇಲೆ ಬೇಸರಪಟ್ಟುಕೊಂಡರು. "ನೋಡವ್ವ, ಒಂದು ಮನಿ ಕಟ್ಟಾಕ ಬರಂಗಿಲ್ಲಂತ ಇವರಿಗೆ! ಹೋಗ್ಲಿ ಬಿಡು. ತೊಟ್ಲಾ ನನ್ನ ಪಡಸಾಲ್ಯಾಗ ಕಟ್ಟು. ಏಳು, ನೆಳ್ಳಿಗೆ ಹೋಗಾಣು."

"ಫೋಟೋ ಆಗೋಮಟ ಇಲ್ಲೇ ಇರ್ತೀನ್ರಿ ಅಮ್ಮಾರ."

"ಅಷ್ಟರಾಗ ತಲಿ ತಿರುಗಿ ಬಿದ್ರ?"

"ನಿಮ್ಮ ಪಡಸಾಲ್ಯಾಗ ಎಷ್ಟು ದಿನ ಅಂತ ಕಟ್ಟಲ್ರಿ?"

"ನಾ ಇರೋಮಟ ಕಟ್ಟು. ಯಾರು ಬ್ಯಾಡ ಅಂತಾರ?"

ಅದು ಬರೀ ಬಾಯಿಮಾತಲ್ಲ ಎಂದು ಶಿವಲೀಲಾಗೆ ಗೊತ್ತಿತ್ತು. ಸುಳ್ಳಾಗಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಅಷ್ಟರಲ್ಲಿ ದ್ರಾಕ್ಷಾಯಣಮ್ಮ ಬಂದು ಇನ್ನೊಂದು ತೋಳು ಹಿಡಿದರು. "ಬ್ಯಾಡ್ರಿ, ಬಿಡ್ರಿ," ಎಂದು ಶಿವಲೀಲಾ ಕೊಸರಿಕೊಂಡಳು; ಜೋರಾಗಿ ಕೊಸರಲು ಹೊಟ್ಟೆಯ ಹೆದರಿಕೆ. ಇಬ್ಬರೂ ಅವಳನ್ನು ಗಾಜಿನ ಬಳೆಯಂತೆ ಜೋಪಾನವಾಗಿ ನಡೆಸಿಕೊಂಡು ಹೋದರು. ಬಾರದೇ ಉಳಿದ ದೊಡ್ಡ ಅಧಿಕಾರಿಗೆಂದು ಹಾಕಿದ್ದ ಮೆತ್ತೆಯ ಕುರ್ಚಿಯನ್ನು ಬಸವರಾಜು ತಾನೇ ಎತ್ತಿ ತಂದು ಮುಂದಿನ ಸಾಲಿನ ನಟ್ಟನಡುವೆ, ನೆರಳು ಎಲ್ಲಕ್ಕಿಂತ ದಟ್ಟವಾಗಿದ್ದಲ್ಲಿ ಇಟ್ಟ. ಅವಳನ್ನು ಅದರಲ್ಲಿ ಕೂರಿಸಿದರು.

ಶಿರಿಷಾ ಫೋನ್ ಎತ್ತಿ ಹಿಡಿದವಳು ತಕ್ಷಣ ಒತ್ತಲಿಲ್ಲ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು, ಶಿವಲೀಲಾಳ ಮುಖ ನೋಡುತ್ತ ಕಾದಳು. ಶಿವಲೀಲಾ ಏಳಲು ಹೋದಳು. ಗುರುಶಾಂತಮ್ಮ ಅವಳ ಭುಜವನ್ನು ಮೆಲ್ಲಗೆ ಅದುಮಿ ಕೂರಿಸಿ, ಇನ್ನೊಂದು ಕೈಯಿಂದ ಸೆರಗಿನಲ್ಲಿ ಗಾಳಿ ಹಾಕತೊಡಗಿದರು.

"ಬಲಗಡೆ ಯಾರೂ ಇಲ್ಲ ಅಂತ ಬರೀಲಾ ಅಮ್ಮಾ?"

"ಬರ್ಕೋ," ಎಂದರು ಗುರುಶಾಂತಮ್ಮ, ಗಾಳಿ ಹಾಕುವುದನ್ನು ನಿಲ್ಲಿಸದೆ. "ಒಬ್ಬಾಕಿನ್ನ ಬಿಸಲಾಗ ಬಿಡೋ ಮಂದಿ ಅಲ್ಲವ್ವ ನಾವು."