ಗೇಟಿನ ಬಣ್ಣ

ಈ ಸಲವೂ ದೊಡ್ಡಪ್ಪ ಅದನ್ನು ತಳಕ್ಕೇ ತಳ್ಳಿದ್ದರು. ಅವಳು ಸಿದ್ಧಪಡಿಸಿದ ಕಾರ್ಯಸೂಚಿಯ ಮೇಲೆ ಅವರ ಪೆನ್ಸಿಲ್ ಬಾಣ ಎಳೆದಿತ್ತು: 'ರೋಗಿಗಳ ಕಡೆಯವರು ತಂಗುವ ಕೋಣೆ, ಸೋರುವ ಚಾವಣಿ' ಕೊನೆಗೆ, 'ಗೇಟಿನ ಬಣ್ಣ' ಮೊದಲಿಗೆ.

ಆಸ್ಪತ್ರೆಯ ಆಡಳಿತ ಮಂಡಳಿಗೆ ದೊಡ್ಡಪ್ಪ ಅಧ್ಯಕ್ಷರು, ಅವಳು ಕಾರ್ಯದರ್ಶಿ. ಪ್ರತಿ ಸಭೆಯಲ್ಲೂ ಅದೇ ರಾಗ. ಕಾರು ನಿಲ್ಲಿಸಲು ಜಾಗವಿಲ್ಲವೆಂದು ಗೊಣಗುತ್ತಲೇ ಬರುವ ಸದಸ್ಯರು, ಗೇಟಿಗೆ ಹಸಿರೋ ನೀಲಿಯೋ ಎಂದು ಜಗ್ಗಾಡುವರು. ಜಗಳ ತಣ್ಣಗಾಯಿತು ಎನ್ನುವಾಗ ದೊಡ್ಡಪ್ಪನೇ ಬೂದು ಬಣ್ಣದ ಮಾತೆತ್ತಿ ಮತ್ತೆ ಉರಿ ಹಚ್ಚುವರು. ಅಷ್ಟರಲ್ಲಿ ಕಾಫಿ ಮುಗಿದು ಕುರ್ಚಿಗಳು ಸರಿಯುವವು. ಕೋಣೆಯ ವಿಷಯ ಮುಂದಿನ ಸಭೆಗೆ.

ಅವಳಿಗೆ ರೋಸಿಹೋಗಿತ್ತು. ಬೆಳಿಗ್ಗೆಯಷ್ಟೇ ಆ ಕೋಣೆಗೆ ಹೋಗಿ ಬಂದಿದ್ದಳು. ಗಂಡನನ್ನು ವಾರ್ಡಿನಲ್ಲಿ ಮಲಗಿಸಿದ ಮುದುಕಿಯೊಬ್ಬಳು ಹನಿ ಬೀಳದ ಮೂಲೆ ಹುಡುಕಿ, ಗಂಟು ಮೂಟೆ ಎಳೆದುಕೊಂಡು ಕೂತಿದ್ದಳು. "ಇಷ್ಟಾದ್ರೂ ಇದೆಯಲ್ಲಮ್ಮ," ಎಂದಿದ್ದಳು. ಆ ಮಾತು ಇವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

"ಕೊನೆಗೇ ಯಾಕೆ ದೊಡ್ಡಪ್ಪ?"

"ಕೊನೇಲಿ ಎಲ್ರಿಗೂ ಮನೆಗೆ ಹೋಗೋ ಅವಸರ ಮಗಳೇ. ಅದಕ್ಕೇ."

ಅವರು ನಗುತ್ತಾ ಹೇಳಿದ್ದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಬಾಣವನ್ನು ಅಳಿಸಿದಳು. ಕೋಣೆ ಮೊದಲು. ಎದುರಿಗೆ 'ಹತ್ತು ನಿಮಿಷ, ತೀರ್ಮಾನ ಕಡ್ಡಾಯ' ಎಂದು ದಪ್ಪಕ್ಷರದಲ್ಲಿ ಸೇರಿಸಿದಳು. ಒದ್ದೆ ಗೋಡೆ, ಬಿರುಕು ಬಿಟ್ಟ ತೊಲೆ, ಎಲ್ಲದರ ಫೋಟೋ ತೆಗೆದು ಸದಸ್ಯರಿಗೆ ಮುಂಚಿತವಾಗಿಯೇ ಕಳಿಸಿಬಿಟ್ಟಳು.

ಸಭೆಯಲ್ಲಿ ಕಾರ್ಯಸೂಚಿ ಕಂಡು ದೊಡ್ಡಪ್ಪ ಕನ್ನಡಕ ತೆಗೆದಿಟ್ಟರು. ಗೇಟಿನ ಮಾತೆತ್ತಲು ನೋಡಿದರು. ಅದು ಆಮೇಲಿದೆ ಎಂದು ಅವಳೇ ತಡೆದಳು.

ಅಂದು ಎಲ್ಲರೂ ಓದಿಕೊಂಡು ಬಂದಿದ್ದರು. ಎಂದೂ ಒಂದು ಮಾತಿಗೆ ಬಾರದವರು ಒಂದಾದರು. ದೊಡ್ಡಪ್ಪ ಬಾಯಿ ತೆರೆದಾಗ ಸದಸ್ಯರಲ್ಲೊಬ್ಬರಾದ ಔಷಧಿ ಅಂಗಡಿಯವರು ಕಾರ್ಯಸೂಚಿ ತೋರಿಸಿ, ನಂತರ ಗಡಿಯಾರ ತೋರಿಸಿದರು. ಕೈಗಳು ಮೇಲೆದ್ದವು, ದೊಡ್ಡಪ್ಪನದೊಂದು ಬಿಟ್ಟು.

ಅವಳು ನಿರ್ಣಯ ಬರೆದುಕೊಂಡಳು. ಕೋಣೆಯ ಸ್ಥಿತಿ ಅಪಾಯಕಾರಿಯಾಗಿರುವುದರಿಂದ ಕೂಡಲೇ ಕೆಡವಿ, ಆ ಜಾಗವನ್ನು ಕಾರು ನಿಲುಗಡೆಗೆ ಬಳಸತಕ್ಕದ್ದು.

"ಗೇಟಿನ ಬಣ್ಣ ಹಿಡ್ಕೊಂಡೇ ಇಷ್ಟು ವರ್ಷ ಆ ಕೋಣೇನ ಉಳಿಸಿದ್ದೆ, ಮಗಳೇ," ಎಂದರು ದೊಡ್ಡಪ್ಪ.