ಮೊದಲು ಹೋಳಿಗೆ ಮುಟ್ಟಿದವನು

ಉಜ್ವಲಾ ಹೋಳಿಗೆಯ ತಟ್ಟೆ ತಂದಿಟ್ಟ ಕೂಡಲೇ ಗೆಳೆಯ ಯುವರಾಜ ಪಕ್ಕದಲ್ಲಿದ್ದ ಹುಲೆಪ್ಪನ ಕಾಲು ತುಳಿದ.

ಹುಲೆಪ್ಪನಿಗೆ ಅರ್ಥವಾಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತ. ಕನ್ಯೆ ನೋಡಲು ಹೋದ ಮನೆಯಲ್ಲಿ ಅವಲಕ್ಕಿ ತಿನ್ನಬಹುದು, ಚಹಾ ಕುಡಿಯಬಹುದು. ಸಿಹಿ ಮಾತ್ರ ಮುಟ್ಟುವಂತಿಲ್ಲ. ಗಂಡಿನ ಕಡೆಯವರು ಸಿಹಿ ಬಾಯಿಗಿಟ್ಟರೆಂದರೆ ಹುಡುಗಿಯನ್ನು ಒಪ್ಪಿದಂತೆ; ಇವರ ಮಂದಿಯಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಆಮೇಲೆ ಸುಮ್ಮನೆ ತಿಂದೆವು ಎಂದರೆ ಯಾರೂ ಕೇಳುವುದಿಲ್ಲ.

ಅದರಲ್ಲೂ ಎಂಥ ಹೋಳಿಗೆ! ಅಂಚಿನವರೆಗೂ ಹೂರಣ, ಮೇಲೆ ಧಾರಾಳ ತುಪ್ಪ. ದೇವರು ಹುಲೆಪ್ಪನಿಗೆ ಇಂಥ ಪರೀಕ್ಷೆ ಕೊಡಬಾರದಿತ್ತು.

ಜಮಖಂಡಿಯಲ್ಲಿ ಹುಲೆಪ್ಪನ ನಾಲಿಗೆಗೆ ಹೆಸರಿತ್ತು. ವಾರವೆಲ್ಲ ಸಕ್ಕರೆ ಕಾರ್ಖಾನೆಯ ನೌಕರಿ. ರವಿವಾರ ಬಂತೆಂದರೆ ಯುವರಾಜನ ಬೈಕಿನ ಹಿಂದೆ ಸವಾರಿ. ಮುಧೋಳದ ಬಸ್ ಸ್ಟ್ಯಾಂಡಿನ ಹತ್ತಿರ ಬಿಸಿ ಮಿರ್ಚಿ, ಚಳಿಗಾಲದಲ್ಲಿ ಯಾವನೋ ಗೆಳೆಯನ ಹೊಲದಲ್ಲಿ ಸುಟ್ಟ ಎಳೆ ಜೋಳದ ಸೀತನಿ, ಬೇಸಿಗೆಯ ಸಂಜೆ ಚಿಕ್ಕಪಡಸಲಗಿ ಬ್ಯಾರೇಜಿನ ದಂಡೆಯಲ್ಲಿ ರೊಟ್ಟಿ ಬುತ್ತಿ. ಅವನು ತಿನ್ನುವುದನ್ನು ನೋಡಿದರೆ ಉಂಡು ಬಂದವರಿಗೂ ಹಸಿವಾಗುತ್ತಿತ್ತು.

ಅದೇ ಅವನಿಗೆ ಮುಳುವೂ ಆಗಿತ್ತು. ಎರಡು ವರ್ಷದ ಹಿಂದೆ ಬೀಳಗಿ ಕಡೆಯ ಒಂದು ಮನೆಗೆ ತನಗೇ ಕನ್ಯೆ ನೋಡಲು ಹೋದಾಗ ಉಪ್ಪಿಟ್ಟನ್ನು ಇನ್ನೊಮ್ಮೆ ಹಾಕಿಸಿಕೊಂಡಿದ್ದ. ಒಳಗಿನಿಂದ ಯಾರೋ ಹೆಂಗಸಿನ ದನಿ ಕೇಳಿತ್ತು: "ಅಯ್ಯ, ಇಂವಂಗ ರೊಟ್ಟಿ ಬಡದು ಹಾಕೂದ್ರಾಗ ನಮ್ಮ ಹುಡುಗಿ ಆಯುಷ್ಯ ಮುಗೀತೈತಿ ಬಿಡವಾ!" ಮನೆಯೆಲ್ಲ ನಕ್ಕಿತ್ತು. ಹುಲೆಪ್ಪನೂ ನಕ್ಕಿದ್ದ. ಊರಿಗೆ ಬಂದು ಅತ್ತಿದ್ದ. ಇನ್ನು ಸತ್ತರೂ ಕನ್ಯೆ ನೋಡಲು ಹೋಗುವುದಿಲ್ಲ ಎಂದು ಅವ್ವ ಯಲ್ಲಕ್ಕನ ಮುಂದೆ ಬೀರೇಶ್ವರನ ಆಣೆ ಹಾಕಿದ್ದ.

ಇವತ್ತು ರನ್ನ ಬೆಳಗಲಿಗೆ, ಉಜ್ವಲಾಳ ಅಪ್ಪ ಲಗಮಣ್ಣನವರ ಮನೆಗೆ ಬಂದದ್ದು ಗೆಳೆಯನಿಗಾಗಿ. "ನೀ ಬಾಜೂಕ ಕುಂಡ್ರಬೇಕಲೇ. ಒಬ್ಬಾಂವಗ ಕೈಕಾಲು ನಡಗತಾವು" ಎಂದು ಯುವರಾಜ ಗೋಗರೆದಿದ್ದ. ಅವನ ತಾಯಿಗೆ ಮೊಣಕಾಲು ನೋವಂತೆ. ಹಿರಿಯರೆಂದು ಯಲ್ಲಕ್ಕನೇ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮಾಸ್ತರನಾದ ಯುವರಾಜ ದಿನಾ ಶಾಲೆಗೆ ಹಾಕುವ ಅಂಗಿಯಲ್ಲೇ ಹೊರಟಿದ್ದ. ಹುಲೆಪ್ಪನಿಗೆ ಮಾತ್ರ ಇಸ್ತ್ರಿ ಮಾಡಿದ ಹೊಸ ಅಂಗಿ ತೊಡಿಸಿದ್ದ. "ಗೆಳ್ಯಾ ಛಂದ ಕಂಡ್ರ ನನಗೂ ಮರ್ಯಾದಿ" ಎಂದಿದ್ದ. ಇಲ್ಲಿ ಬಂದ ಮೇಲೆ ಲಗಮಣ್ಣ ಹುಲೆಪ್ಪನನ್ನು ಫ್ಯಾನಿನ ಕೆಳಗಿನ ಖುರ್ಚಿಯಲ್ಲಿ ಕೂರಿಸಿದರು. ದಪ್ಪ ಇದ್ದವರಿಗೆ ಸೆಕೆ ಹೆಚ್ಚೆಂದು ಅವರಿಗೂ ಗೊತ್ತು ಎಂದುಕೊಂಡು ಹುಲೆಪ್ಪ ಕುಳಿತಿದ್ದ.

ದಾರಿಯಲ್ಲಿ ಯುವರಾಜ ಒಂದೇ ಮಾತು ಹೇಳಿದ್ದ. "ಹುಡುಗೀನ್ನ ನೀ ಛಂದಂಗ ನೋಡಪಾ."

"ನಾ ಯಾಕ ನೋಡ್ಲಿ?"

"ಇದ್ರಾಗ ನಿನ್ನ ಮಾತ ಕಡೀ ಮಾತು."

ಈಗ ಉಜ್ವಲಾ ಎದುರಿಗೇ ಕುಳಿತಿದ್ದಳು. ಯುವರಾಜನೋ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಪಾಪ, ಹೆದರಿದ್ದಾನೆ. ಯಾರಾದರೂ ಮಾತಾಡಬೇಕಲ್ಲ ಎಂದು ಹುಲೆಪ್ಪನೇ ಬಾಯಿ ತೆರೆದ.

"ಹೋಳಿಗಿ ನೀವ ಮಾಡೀರೇನ್ರಿ?"

"ಇಲ್ರಿ, ನಮ್ಮ ವೈನಿ ಮಾಡ್ಯಾರ" ಎಂದಳು ಉಜ್ವಲಾ. "ನನಗ ತಿನ್ನಾಕ ಅಷ್ಟ ಬರತೈತಿ. ಮುಂಜಾನಿಂದ ಮೂರು ತಿಂದೇನ್ರಿ."

ಹುಲೆಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. ಅವಳೂ ನಕ್ಕಳು. ಇಂಥವಳು ಎದುರಿಗಿದ್ದರೆ ಒಣರೊಟ್ಟಿಯೂ ಹಬ್ಬದೂಟವೇ ಎನ್ನಿಸಿತು. ಯುವರಾಜನ ಮೇಲೆ ಹೊಟ್ಟೆಕಿಚ್ಚಾಯಿತು. ಮರುಗಳಿಗೆಗೆ ನಾಚಿಕೆಯೂ ಆಯಿತು.

ತಟ್ಟೆ ಹಾಗೇ ಇತ್ತು. ಯುವರಾಜ ಮುಟ್ಟಲಿಲ್ಲ. ಯಲ್ಲಕ್ಕ ಸುಮ್ಮನೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಯುವರಾಜ ಮತ್ತೆ ಕಾಲು ತುಳಿದ, ಈ ಸಲ ಇನ್ನೂ ಜೋರಾಗಿ. ಹುಲೆಪ್ಪ ಕೈಗಳನ್ನು ಇನ್ನಷ್ಟು ಒಳಗೆ ಸೇರಿಸಿದ.

"ಯಾಕ್ರಿ, ಯಾರೂ ಸಿಹಿ ತಗೋವಲ್ರಿ?" ಎಂದರು ಲಗಮಣ್ಣ. ದನಿ ಕುಗ್ಗಿತ್ತು. ಉಜ್ವಲಾಳ ನಗು ಆರಿತು. ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಳು.

ಆ ಮುಖ ಹುಲೆಪ್ಪನಿಗೆ ಗೊತ್ತಿತ್ತು. ಬೀಳಗಿಯಿಂದ ಬರುವಾಗ ಬಸ್ಸಿನ ಕಿಟಕಿ ಗಾಜಿನಲ್ಲಿ ಅದನ್ನೇ ಕಂಡಿದ್ದ. ಮೂರು ಹೋಳಿಗೆ ತಿಂದೆ ಎಂದದ್ದಕ್ಕೇ ಬೇಡವಾದೆ ಎಂದುಕೊಂಡು ಈ ಹುಡುಗಿಯೂ ಅಳುತ್ತಾಳೆ. ಅದು ಆಗಬಾರದು. ಯುವರಾಜ ಬೈಯಲಿ, ಬೇಕಿದ್ದರೆ ಗೆಳೆತನವನ್ನೇ ಬಿಡಲಿ.

ಹುಲೆಪ್ಪ ಕೈ ಚಾಚಿದ. ಹೋಳಿಗೆ ಮುರಿದು ಬಾಯಿಗಿಟ್ಟ.

ಒಳಗೆ ಹೆಂಗಸರು ಕಿಲಕಿಲ ನಕ್ಕರು. ಯಲ್ಲಕ್ಕ ಕಣ್ಣೊರೆಸಿಕೊಂಡಳು. ಉಜ್ವಲಾ ತಲೆಯೆತ್ತಿ ಅವನನ್ನೇ ನೋಡಿದಳು.

"ಬೈಬ್ಯಾಡಲೇ" ಎಂದು ಹುಲೆಪ್ಪ ಗೆಳೆಯನ ಕಿವಿಯಲ್ಲಿ ಪಿಸುಗುಟ್ಟಿದ. "ಇಂಥಾಕಿ ಮತ್ತ ಸಿಗೂದಿಲ್ಲ."

"ಅಷ್ಟು ಹೇಳಾಕ ಇಷ್ಟೊತ್ತು ಬೇಕಾತೇನಲೇ ನಿನಗ?" ಎಂದು ಯುವರಾಜ ಬೆವರು ಒರೆಸಿಕೊಂಡ.

ಲಗಮಣ್ಣ ದೇವರ ಮುಂದಿನ ಅರಿಶಿನ ಭಂಡಾರದ ಬಟ್ಟಲು ಹಿಡಿದು ಬಂದರು. ಯುವರಾಜನನ್ನು ದಾಟಿ, ಹುಲೆಪ್ಪನ ಹಣೆಗೆ ಭಂಡಾರ ಹಚ್ಚಿ, ತಟ್ಟೆಯತ್ತ ಕೈ ಮಾಡಿ ಕೇಳಿದರು:

"ಅಳ್ಯಾರ, ಇನ್ನೊಂದು ಹಾಕ್ಲಿರಿ?"